ಮುಕ್ಕಾಂ ಮಾಡಿದ ದಿನ

ಬಾಸೆಲ್‌ಗೆ ಬಂದು ಹತ್ತೊಂಬತ್ತನೇ ದಿನ ಬೆಳಿಗ್ಗೆ ಅಮ್ಮ ಹೊರಡಲು ಒಪ್ಪಲಿಲ್ಲ. ‘ಇವತ್ತು ನಾನು ಎಲ್ಲಿಗೂ ಬರಲ್ಲಪ್ಪ’ ಎಂದು ಸೋಫಾದ ಮೇಲೆ ಕಾಲು ಚಾಚಿ ಕೂತಳು. ಪಾದಗಳು ಊದಿಕೊಂಡಿದ್ದವು. ಲೂಸರ್ನ್‌ಗೆ ಹೋಗುವ ರೈಲಿನ ಟಿಕೆಟ್ ಹಿಂದಿನ ರಾತ್ರಿಯೇ ತೆಗೆದಿದ್ದೆ. ಮರಳಿ ಬಾರದ ಹಣ ಅದು. ನನ್ನ ಮುಖ ನೋಡಿ ಅಪ್ಪ ಹೇಳಿದರು: ‘ಮೂರು ದಿನದಿಂದ ಹೇಳ್ತಾನೇ ಇದ್ದಾಳೆ. ನೀನು ಕಿವಿಗೆ ಹಾಕ್ಕೊಳ್ಳಲಿಲ್ಲ.’

ಅಕ್ಕ ಈ ಊರಿನಲ್ಲಿ ಕೆಲಸ ಮಾಡುತ್ತಾಳೆ. ಎರಡು ತಿಂಗಳು ಇದ್ದು ಹೋಗೋಣವೆಂದು ಸಾರಥಿಯಿಂದ ಅಪ್ಪ-ಅಮ್ಮನನ್ನು ಕರೆತಂದಿದ್ದೆವು. ಹರಿಹರದಾಚೆ ಹೆಚ್ಚೆಂದರೆ ಧರ್ಮಸ್ಥಳ, ತಿರುಪತಿ ಕಂಡವರು. ಇಷ್ಟು ದೂರ ಬಂದ ಮೇಲೆ ಒಂದು ದಿನವೂ ವ್ಯರ್ಥವಾಗಬಾರದು ಎಂಬುದು ನನ್ನ ಲೆಕ್ಕ. ದಿನಕ್ಕೊಂದು ಊರು, ಊರಿಗೊಂದು ಫೋಟೊ. ಆ ಲೆಕ್ಕ ಅಂದು ತಪ್ಪಿತು. ಅಕ್ಕ ಕೆಲಸಕ್ಕೆ ಹೋದಳು, ಅಪ್ಪ ಮತ್ತೆ ಮಲಗಿದರು. ನಾನು ಸಿಟ್ಟಿನಲ್ಲೇ ಲ್ಯಾಪ್‌ಟಾಪ್ ತೆರೆದು ನನ್ನ ಪ್ರಬಂಧದ ಅರ್ಧಕ್ಕೆ ನಿಂತಿದ್ದ ಅಧ್ಯಾಯದ ಮುಂದೆ ಕೂತೆ.

ಆ ಅಧ್ಯಾಯ ಬೆಂಗಳೂರು–ಧಾರವಾಡ ಹಾದಿಯ ಕುರಿತದ್ದು, ಮುಖ್ಯವಾಗಿ ಅದು ಹರಿಹರದ ಬಳಿ ತುಂಗಭದ್ರೆಯನ್ನು ದಾಟುವ ಜಾಗದ ಕುರಿತದ್ದು. ನಾನು ಬರೆದ ನಕ್ಷೆಯಲ್ಲಿ ಗೆರೆಗಳಿದ್ದವು. ಸೈನ್ಯ ಹೋದ ಗೆರೆ, ವ್ಯಾಪಾರಿಗಳ ಗೆರೆ, ಯಾತ್ರಿಕರ ಗೆರೆ. ನನ್ನ ಮಾರ್ಗದರ್ಶಕರು ಅದನ್ನು ನೋಡಿ ಹಿಂದೊಮ್ಮೆ ಕೇಳಿದ್ದರು: ‘ಇವರೆಲ್ಲ ಎಲ್ಲಿ ಮಲಗಿದರು?’ ಆಗ ಅದು ತಮಾಷೆ ಎಂದುಕೊಂಡಿದ್ದೆ. ಎಲ್ಲಿಗೂ ಹೋಗಲಾಗದ ಆ ಬೆಳಿಗ್ಗೆ ಪ್ರಶ್ನೆ ಮತ್ತೆ ನೆನಪಾಯಿತು.

ಬಾಸೆಲ್ ಮಿಶನ್ನಿನ ಊರಿನಲ್ಲಿ ಕೂತಾಗ ಕನ್ನಡದ ವಿದ್ಯಾರ್ಥಿಗೆ ಮೊದಲು ನೆನಪಾಗುವುದು ಕಿಟೆಲ್. 1853ರಲ್ಲಿ ಕರ್ನಾಟಕಕ್ಕೆ ಬಂದವರು. ಅವರ ನಿಘಂಟು ಮಂಗಳೂರಿನಲ್ಲಿ ಅಚ್ಚಾದದ್ದು 1894ರಲ್ಲಿ. ಅದನ್ನು ತಿರುವುತ್ತ, ಪ್ರಯಾಣದಲ್ಲಿ ನಿಲ್ಲುವುದಕ್ಕೆ ನಮ್ಮಲ್ಲಿ ಎಷ್ಟು ಮಾತುಗಳಿವೆ ಎಂದು ಎಣಿಸತೊಡಗಿದೆ. ತಂಗು, ಇಳಿ, ಬೀಡು, ಬಿಡಾರ, ಮಜಲು, ಮುಕ್ಕಾಂ. ಇವುಗಳಲ್ಲಿ ಮಜಲು ಅರಬ್ಬಿಯ ಮಂಜಿಲ್‌ನಿಂದ, ಮುಕ್ಕಾಂ ಅರಬ್ಬಿಯದೇ ಮಕಾಮ್‌ನಿಂದ ಬಂದವು. ದಂಡು, ದಫ್ತರಗಳ ಜೊತೆ ನಮ್ಮ ಊರುಗಳಿಗೆ ಇಳಿದ ಮಾತುಗಳು. ಬೀಡು ನಮ್ಮದೇ. ‘ಬಿಡು’ ಎಂಬುದರಿಂದ ಬಂದದ್ದು. ಎತ್ತಿನ ನೊಗ ಬಿಟ್ಟಲ್ಲಿ, ಹೊರೆ ಬಿಟ್ಟಲ್ಲಿ ಬೀಡು.

ಈ ‘ಬೀಡು’ ನಮ್ಮ ಶಾಸನಗಳ ತುಂಬ ಇದೆ. ಚಾಲುಕ್ಯ, ಹೊಯ್ಸಳ ಅರಸರು ಯಾವುದೋ ಬೀಡಿನಲ್ಲಿ, ನೆಲೆವೀಡಿನಲ್ಲಿ, ‘ಸುಖಸಂಕಥಾವಿನೋದ’ದಿಂದ ರಾಜ್ಯವಾಳುತ್ತಿದ್ದಾಗ ಇಂಥ ದಾನ ಕೊಟ್ಟರು ಎಂಬುದು ಪದೇ ಪದೇ ಬರುವ ಒಕ್ಕಣೆ. ಎಂ.ಎ. ತರಗತಿಯಲ್ಲಿ ಇದನ್ನು ಸವಕಲು ಮಾತೆಂದು ದಾಟಿ, ಇಸವಿ ಎಲ್ಲಿದೆ ಎಂದು ಹುಡುಕುವುದು ನಮ್ಮ ರೂಢಿಯಾಗಿತ್ತು. ಆದರೆ ಅದು ಹೇಳುವುದನ್ನು ಹಾಗೇ ಕೇಳಿಸಿಕೊಂಡರೆ, ಅರಸ ದಂಡು ನಿಲ್ಲಿಸಿ, ಇಳಿದು, ಮಾತಿಗೆ ಕೂತಾಗ ಭೂಮಿ ದಾನವಾಗಿದೆ, ಕಲ್ಲಿನ ಮೇಲೆ ಅಕ್ಷರ ಬಿದ್ದಿದೆ. ನಡೆಯುತ್ತಿದ್ದ ದಿನಗಳು ಹೆಚ್ಚಾಗಿ ಕಳೆದುಹೋಗಿವೆ, ನಿಂತ ದಿನಗಳು ಉಳಿದಿವೆ.

ಹೊಸ ಕಾಲದ ದಾಖಲೆಗಳೂ ಹೀಗೆಯೇ. ಫ್ರಾನ್ಸಿಸ್ ಬುಕಾನನ್ 1800ರ ಏಪ್ರಿಲ್‌ನಲ್ಲಿ ಮದ್ರಾಸಿನಿಂದ ಹೊರಟು, 1801ರ ಜುಲೈವರೆಗೆ ಮೈಸೂರು, ಕೆನರಾ, ಮಲಬಾರು ಸೀಮೆಗಳನ್ನು ಸುತ್ತಿದ. 1807ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾದ ಅವನ ಪ್ರವಾಸಕಥನದಲ್ಲಿ ಹರಿಹರವೂ ಬರುತ್ತದೆ, ದಾವಣಗೆರೆಯೂ ಬರುತ್ತದೆ. ದಾವಣಗೆರೆ ಆಗ ಐನೂರಕ್ಕಿಂತ ತುಸು ಹೆಚ್ಚು ಮನೆಗಳ ಊರು. ಕೆಲವೇ ವರ್ಷಗಳ ಹಿಂದೆ ಅದೊಂದು ಬಡ ಹಳ್ಳಿಯಾಗಿತ್ತೆಂದೂ, ಹೈದರನಿಂದ ಜಹಗೀರು ಪಡೆದ ಅಪ್ಪೋಜಿರಾಮ ಎಂಬ ಮರಾಠ ಸರದಾರ ವ್ಯಾಪಾರಿಗಳನ್ನು ಕರೆತಂದು ನೆಲೆಗೊಳಿಸಿದನೆಂದೂ, ಕಂಬಳಿ ವ್ಯಾಪಾರ ಊರನ್ನು ಬೆಳೆಸಿತೆಂದೂ ತಿಳಿಯುವುದು ಅವನ ಬರಹದಿಂದ. ಇದೆಲ್ಲ ಅವನಿಗೆ ಪಲ್ಲಕ್ಕಿಯಿಂದ ಇಣುಕಿದಾಗ ಕಂಡದ್ದಲ್ಲ. ಇಳಿದ ಊರಿನಲ್ಲಿ ರೈತರನ್ನು, ನೇಕಾರರನ್ನು, ವರ್ತಕರನ್ನು ಕರೆಸಿ ಕೂರಿಸಿ ಕೇಳಿದ್ದು. ನಮ್ಮ ಊರಿನ ಹುಟ್ಟಿನ ಕತೆ ನಮಗೆ ಉಳಿದದ್ದು ಅವನೊಂದು ಕಡೆ ನಿಂತದ್ದರಿಂದ.

ಹರಿಹರದಲ್ಲಂತೂ ನಿಲ್ಲುವುದನ್ನು ನದಿಯೇ ಕಲಿಸುತ್ತಿತ್ತು. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೊಲಾಳ್ವ 1224ರಲ್ಲಿ ಹರಿಹರೇಶ್ವರನ ಗುಡಿ ಕಟ್ಟಿಸಿದ್ದು ಈ ದಂಡೆಯಲ್ಲಿ. 1803ರ ಮಾರ್ಚ್‌ನಲ್ಲಿ ಆರ್ಥರ್ ವೆಲ್ಲೆಸ್ಲಿ ಪುಣೆಯತ್ತ ಹೊರಡುವ ಮೊದಲು ಮದ್ರಾಸಿನ ಸೈನ್ಯ ಬೀಡುಬಿಟ್ಟಿದ್ದೂ ಇಲ್ಲಿಯೇ. ಮುಂದೆ ಊರಿನ ಹತ್ತಿರ ದಂಡುಪ್ರದೇಶವೇ ಆಯಿತು, 1865ರವರೆಗೆ ಇತ್ತು. ಬೇಸಿಗೆಯಲ್ಲಿ ಹೊಳೆ ಇಳಿದಾಗ ಗಾಡಿ ಹಾಯಬಹುದು. ಮಳೆಗಾಲದಲ್ಲಿ ಮಲೆನಾಡಿನ ನೀರು ಬಂದರೆ ಹರಿಗೋಲೂ ದಡ ಬಿಡುವುದಿಲ್ಲ. 1868ರಲ್ಲಿ ಸುಮಾರು ಮೂರು ಲಕ್ಷ ರೂಪಾಯಿ ವೆಚ್ಚದಲ್ಲಿ, ಅರವತ್ತಡಿ ಅಗಲದ ಹದಿನಾಲ್ಕು ಕಮಾನುಗಳ ಕಲ್ಲು–ಇಟ್ಟಿಗೆಯ ಸೇತುವೆ ಎದ್ದಿತು. ಹೊಳೆ ಇಳಿಯಲೆಂದು ದಡದಲ್ಲಿ ಕಾಯುವುದು ಆ ಹೆದ್ದಾರಿಯವರಿಗೆ ತಪ್ಪಿತು.

ಎಲ್ಲರಿಗೂ ತಪ್ಪಲಿಲ್ಲ. ತುಂಗಭದ್ರೆ ಉಕ್ಕಿದಾಗ ನಮ್ಮ ಸಾರಥಿಗೂ ಚಿಕ್ಕಬಿದರಿಗೂ ನಡುವಿನ ಸೇತುವೆ ಈಗಲೂ ಮುಳುಗುತ್ತದೆ. ಬೈಕುಗಳು ನಿಲ್ಲುತ್ತವೆ, ಶಾಲೆಗೆ ಹೊರಟ ಮಕ್ಕಳು ಹಿಂದಿರುಗುತ್ತಾರೆ.

ಇಷ್ಟು ಬರೆದು, ನಿಲುಗಡೆಯ ಮಹತ್ವ ಸಿಕ್ಕಿತೆಂದು ನನಗೇ ಹೆಮ್ಮೆಯಾಗುತ್ತಿತ್ತು. ಆಗ ಅಡುಗೆಮನೆಯಲ್ಲಿ ಪಾತ್ರೆಯ ಸದ್ದಾಯಿತು. ಹನ್ನೊಂದು ಗಂಟೆ. ಅಮ್ಮ ಊದಿದ ಕಾಲಿನಲ್ಲೇ ನಿಂತು ಅಕ್ಕಿ ತೊಳೆಯುತ್ತಿದ್ದಳು. ‘ರೆಸ್ಟ್ ತಗೋತೀನಿ ಅಂದ್ಯಲ್ಲ?’ ಎಂದೆ. ‘ನಿಮ್ಮಪ್ಪಂಗೆ ಮಾತ್ರೆ ತಗೊಳ್ಳೋಕೆ ಊಟ ಬೇಕಲ್ಲ’ ಎಂದಳು.

ಹಿಂದಿನ ಹದಿನೆಂಟು ದಿನಗಳನ್ನು ಅಲ್ಲೇ ನಿಂತು ಲೆಕ್ಕ ಹಾಕಿದೆ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ಚಪಾತಿ ಮಾಡಿ ಡಬ್ಬಿಗೆ ಹಾಕಿದವಳು ಅವಳು. ಊರಿಂದ ತಂದ ಮಂಡಕ್ಕಿ, ಖಾರದ ಪುಡಿಯನ್ನು ರೈಲಿನಲ್ಲಿ ಕಲಸಿ ಕೊಟ್ಟವಳು ಅವಳು. ರಾತ್ರಿ ಮನೆಗೆ ಬಂದು ನಾವು ಫೋಟೊ ನೋಡುತ್ತ ಬಿದ್ದುಕೊಂಡಾಗ ಸಾರಿಗೆ ಒಗ್ಗರಣೆ ಹಾಕಿದವಳೂ ಅವಳೇ. ನಮಗೆ ಪ್ರತಿ ಸಂಜೆ ಬೀಡು ಸಿಕ್ಕಿತ್ತು. ಅವಳಿಗೆ ಒಂದು ಸಂಜೆಯೂ ನೊಗ ಬಿಟ್ಟಿರಲಿಲ್ಲ.

ಮೇಜಿಗೆ ಮರಳಿದಾಗ ನಾನು ಓದಿದ್ದ ಪ್ರವಾಸಗಳೇ ಬೇರೆಯಾಗಿ ಕಂಡವು. ಮದ್ರಾಸಿನ ಸುಪ್ರೀಂ ಕೋರ್ಟಿನಲ್ಲಿ ದುಭಾಷಿಯಾಗಿದ್ದ ಏನುಗುಲ ವೀರಾಸ್ವಾಮಿ 1830ರ ಮೇ ತಿಂಗಳಲ್ಲಿ ಕಾಶಿಗೆ ಹೊರಟ. ಮನೆಯವರು, ಪರಿವಾರ, ಬೋಯಿಗಳು ಸೇರಿ ನೂರರಷ್ಟು ಜನ. ತಿರುಗಿ ಬಂದದ್ದು 1831ರ ಸೆಪ್ಟೆಂಬರ್‌ನಲ್ಲಿ. ಸಂಸಾರ ಕಟ್ಟಿಕೊಂಡು ಹದಿನೈದು ತಿಂಗಳಿಗೂ ಹೆಚ್ಚು ಕಾಲ ಮಾಡಿದ ಪ್ರಯಾಣ. ಅವನು ತೆಲುಗಿನಲ್ಲಿ ಬರೆದ ‘ಕಾಶೀಯಾತ್ರ ಚರಿತ್ರ’ 1838ರಲ್ಲಿ ಅಚ್ಚಾಯಿತು. ಇಳಿದ ಊರಿನಲ್ಲಿ ಅಂಗಡಿ ಇದೆಯೇ, ನೀರು ಹೇಗಿದೆ, ಮುಂದಿನ ಮಜಲು ಎಷ್ಟು ದೂರ ಎಂದೆಲ್ಲ ಅದರಲ್ಲಿದೆ. ನಾನು ಅದನ್ನು ಹಾದಿಯ ಮಾಹಿತಿ ಎಂದು ಗುರುತು ಹಾಕಿಟ್ಟಿದ್ದೆ. ನಿಜವಾಗಿ ಅದು ಅಡುಗೆಯ ಮಾಹಿತಿ. ಸೌದೆ, ನೀರು, ಅಕ್ಕಿ ಸಿಗುವ ಜಾಗವೇ ಮಜಲು. ಅಲ್ಲಿ ಒಲೆ ಹೂಡಿದವರು, ನೀರು ಹೊತ್ತವರು ಯಾರು ಎಂಬುದನ್ನು ನನ್ನ ನಕ್ಷೆ ಕೇಳಿರಲೇ ಇಲ್ಲ. ಪಲ್ಲಕ್ಕಿ ಹೊತ್ತ ಬೋಯಿಗೆ ಅದು ಹೆಗಲು ಇಳಿಸುವ ಹೊತ್ತು. ಅಡುಗೆಯವರಿಗೆ ಕೆಲಸ ಶುರುವಾಗುವ ಹೊತ್ತು. ಒಂದೇ ನಿಲುಗಡೆ ಎಲ್ಲರಿಗೂ ಒಂದೇ ಅಲ್ಲ.

ಅಂದು ಮಧ್ಯಾಹ್ನ ಅನ್ನ, ಸಾರು ನಾನು ಮಾಡಿದೆ. ಸಾರಿಗೆ ಉಪ್ಪು ಹೆಚ್ಚಾಗಿತ್ತು. ಅಮ್ಮ ಏನೂ ಹೇಳದೆ ಮೊಸರು ಹಾಕಿಕೊಂಡು ಉಂಡಳು. ಪಾತ್ರೆ ಅಪ್ಪ ತೊಳೆದರು. ನಲವತ್ತು ವರ್ಷದ ಸಂಸಾರದಲ್ಲಿ ಎಷ್ಟನೇ ಸಲ ಎಂದು ಅಮ್ಮ ಕೇಳಿದಳು, ಅವರು ನಲ್ಲಿ ಜೋರು ಮಾಡಿದರು. ಆಮೇಲೆ ಅವಳು ನಾಲ್ಕು ಗಂಟೆಯವರೆಗೆ ನಿದ್ದೆ ಮಾಡಿದಳು. ಹಗಲು ಹೊತ್ತಿನಲ್ಲಿ ಅಷ್ಟು ಮಲಗಿದ್ದನ್ನು ನಾನು ನೋಡಿರಲಿಲ್ಲ.

ಸಂಜೆ ಕಾಲಿನ ಊತ ಇಳಿದಿತ್ತು. ‘ಹೊಳೆ ಹತ್ರ ಕೂತು ಬರೋಣ’ ಎಂದು ಅವಳೇ ಹೇಳಿದಳು. ಬಾಸೆಲ್‌ನಲ್ಲಿ ರೈನ್ ನದಿಗೆ ಸೇತುವೆಗಳಿವೆ. ಮೊದಲನೆಯದು ಎದ್ದದ್ದು 1226ರ ಸುಮಾರಿಗೆ, ಪೊಲಾಳ್ವನ ಗುಡಿಯ ಕಾಲಕ್ಕೆ. ಆದರೂ ಅಲ್ಲಿ ಇಂದಿಗೂ ನಾಲ್ಕು ಕಡವಿನ ದೋಣಿಗಳಿವೆ. ಇಂಥ ದೋಣಿ ಶುರುವಾದದ್ದು 1854ರಲ್ಲಿ. ಅವಕ್ಕೆ ಎಂಜಿನ್ ಇಲ್ಲ, ಹುಟ್ಟೂ ಇಲ್ಲ. ದಡದಿಂದ ದಡಕ್ಕೆ ಕಟ್ಟಿದ ಉಕ್ಕಿನ ಹಗ್ಗಕ್ಕೆ ದೋಣಿಯನ್ನು ಬಿಗಿದಿರುತ್ತಾರೆ. ನೀರಿನ ಸೆಳೆತಕ್ಕೆ ಅದನ್ನು ಓರೆಯಾಗಿ ತಿರುಗಿಸಿದರೆ ಹೊಳೆಯೇ ಆಚೆಗೆ ತಳ್ಳುತ್ತದೆ.

ದೋಣಿಯಲ್ಲಿ ಅಮ್ಮ ಅಜ್ಜಿಯ ಕತೆ ಹೇಳಿದಳು. ಅಜ್ಜಿಯ ತವರು ಹೊಳೆಯಾಚೆ, ರಾಣೆಬೆನ್ನೂರು ಸೀಮೆ. ಒಂದು ಶ್ರಾವಣದಲ್ಲಿ ತವರಿಗೆ ಹೊರಟು, ಹೊಳೆ ತುಂಬಿ, ಹರಿಗೋಲಿಲ್ಲದೆ ದಡದ ಗುಡಿಯಲ್ಲಿ ಮೂರು ದಿನ ಉಳಿದಳಂತೆ. ಕತೆಯನ್ನು ನಾನು ಮೊದಲೂ ಕೇಳಿದ್ದೆ, ಕಷ್ಟದ ಕತೆಯೆಂದು. ಅಂದು ಅಮ್ಮ ಕೊನೆಯ ಭಾಗವನ್ನೂ ಹೇಳಿದಳು: ‘ಗುಡಿಯವರೇ ಊಟ ಹಾಕಿದ್ರಂತೆ. ಮದುವೆ ಆದ್ಮೇಲೆ ನಾನು ಸುಮ್ನೆ ಕೂತು ಉಂಡಿದ್ದು ಆ ಮೂರು ದಿನಾನೇ ಅಂತಿದ್ಲು.’

ಮರುದಿನವೂ ನಾವು ಲೂಸರ್ನ್‌ಗೆ ಹೋಗಲಿಲ್ಲ. ಅಧ್ಯಾಯದ ಕೊನೆಯಲ್ಲಿ ನಿಲುಗಡೆಗಳ ಒಂದು ಪಟ್ಟಿ ಮಾಡಿದ್ದೆ: ಊರು, ಇಸವಿ, ದೂರ, ಎಷ್ಟು ದಿನ. ಅದಕ್ಕೆ ಇನ್ನೊಂದು ಅಂಕಣ ಸೇರಿಸಿದೆ: ಬೇಯಿಸಿದವರು ಯಾರು. ಸದ್ಯಕ್ಕೆ ಅದರಲ್ಲಿ ಒಂದೇ ಒಂದು ಮನೆ ತುಂಬಿದೆ, ಅಜ್ಜಿಯ ಮೂರು ದಿನದ್ದು.