ಪೂಜೆಯ ಭಾಷೆ, ಪೀಠದ ಜಾಗ: ಉಡುಪಿ ಸೀಮೆಯ ಚರ್ಚುಗಳ ಒಳಾಂಗಣ ಚರಿತ್ರೆ

ನಮ್ಮ ಕರಾವಳಿಯ ಯಾವ ಚರ್ಚಿನ ಶತಮಾನೋತ್ಸವ ಸಂಚಿಕೆ ತೆರೆದರೂ ಶಂಕುಸ್ಥಾಪನೆಯ ದಿನ, ಸೇವೆ ಸಲ್ಲಿಸಿದ ಗುರುಗಳ ಪಟ್ಟಿ, ದಾನಿಗಳ ಹೆಸರು, ಕಟ್ಟಡದ ಮುಂಭಾಗದ ಚಿತ್ರ ಸಿಗುತ್ತವೆ. ಪ್ರವಚನ ಪೀಠ ಯಾವ ಗೋಡೆಗೆ ಆನಿಕೊಂಡಿತ್ತು, ಹೆಂಗಸರು ಎಲ್ಲಿ ಕೂರುತ್ತಿದ್ದರು, ಬೆಂಚು ಯಾವ ಕಾಲದಲ್ಲಿ ಬಂತು ಎಂಬ ವಿವರ ಸಿಗುವುದು ಅಪರೂಪ. ಕಲ್ಲು, ಗಾರೆ, ಖರ್ಚು ದಾಖಲೆಗೆ ಏರುತ್ತವೆ, ಕೂರುವ ರೀತಿ ಏರುವುದಿಲ್ಲ. ಬರೆಯುವವರಿಗೆ ಗೋಪುರ ಕಂಡಷ್ಟು ಚೆನ್ನಾಗಿ ನೆಲ ಕಂಡಿಲ್ಲ.

ಉಡುಪಿ, ಮಣಿಪಾಲ, ಕಾಪು, ಕಾರ್ಕಳದ ಸೀಮೆ ಈ ಅಧ್ಯಯನಕ್ಕೆ ಹೇಳಿ ಮಾಡಿಸಿದಂತಿದೆ. ಒಂದೊಂದು ಗಂಟೆಯ ಬಸ್ ದಾರಿಯೊಳಗೆ ಕೊಂಕಣಿ ಆಡುವ ಕಥೋಲಿಕರ ಇಗರ್ಜಿಗಳಿವೆ, ಮನೆಯಲ್ಲಿ ತುಳು ಆಡಿ ಆರಾಧನೆಯಲ್ಲಿ ಕನ್ನಡ ಓದುವ ಬಾಸೆಲ್ ಮಿಶನ್ ಪರಂಪರೆಯ ಸಭೆಗಳಿವೆ, ತುಸು ಉತ್ತರಕ್ಕೆ ಹೋದರೆ ಬ್ರಹ್ಮಾವರದಲ್ಲಿ ಸಿರಿಯನ್ ಆರ್ಥಡಾಕ್ಸರಿದ್ದಾರೆ. ಇವುಗಳನ್ನು ಗೋಥಿಕ್, ಪೋರ್ಚುಗೀಸ್ ಎಂದು ಶೈಲಿಯ ಹೆಸರಿನಲ್ಲಿ ವಿಂಗಡಿಸುವುದು ರೂಢಿ. ಆ ವಿಂಗಡಣೆ ಮುಂಬಾಗಿಲ ತನಕ ಸರಿ. ಹೊಸ್ತಿಲು ದಾಟಿದ ಮೇಲೆ ಅದರಿಂದ ಹೆಚ್ಚು ಪ್ರಯೋಜನವಿಲ್ಲ. ಒಳಗೆ ಏನು ಎಲ್ಲಿರಬೇಕೆಂಬುದನ್ನು ತೀರ್ಮಾನಿಸಿದ್ದು ಮುಖ್ಯವಾಗಿ ಆರಾಧನೆಯ ಭಾಷೆ, ಆ ಭಾಷೆ ಬದಲಾದಾಗಲೆಲ್ಲ ಒಳಗಿನ ಪೀಠಗಳು ಜಾಗ ಬದಲಿಸಿದವು ಎಂಬುದು ನನ್ನ ವಾದ.

ಲ್ಯಾಟಿನ್ ಒಂದು ತುದಿಯಲ್ಲಿ, ಕೊಂಕಣಿ ನಡುಗೋಡೆಯಲ್ಲಿ

ಕಲ್ಯಾಣಪುರದ ಮಿಲಾಗ್ರಿಸ್ ಇಗರ್ಜಿಯ ಆರಂಭ 1678ರಲ್ಲಿ. ಕಾರ್ಕಳದ ಅತ್ತೂರು ಸಂತ ಲಾರೆನ್ಸ್ ಧರ್ಮಕೇಂದ್ರದ್ದು 1759ರಲ್ಲಿ. ಎರಡೂ ಗೋವಾದ ಕಡೆಯಿಂದ ಬಂದ ಕೊಂಕಣಿ ಕುಟುಂಬಗಳ ಬದುಕಿನೊಂದಿಗೆ ಬೆಳೆದವು. 1784ರಲ್ಲಿ ಟಿಪ್ಪು ಸುಲ್ತಾನ್ ಕೆನರಾದ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿದಾಗ ಈ ಸೀಮೆಯ ಚರ್ಚುಗಳು ನೆಲಕ್ಕುರುಳಿದವು. 1799ರ ನಂತರ ಮರಳಿದವರು ಮೊದಲಿಂದ ಕಟ್ಟಬೇಕಾಯಿತು. ಆದರೂ ಅವರ ಮನಸ್ಸಿನಲ್ಲಿದ್ದ ನಕ್ಷೆ ಹಳೆಯದೇ.

ಆ ನಕ್ಷೆಯ ಮೂಲ ಯುರೋಪಿನಲ್ಲಿದೆ. 1563ರಲ್ಲಿ ಮುಗಿದ ಟ್ರೆಂಟ್ ಮಹಾಸಭೆಯ ಆಶಯಗಳಿಗೆ ತಕ್ಕಂತೆ ಚರ್ಚು ಕಟ್ಟುವುದು ಹೇಗೆಂದು ಮಿಲಾನಿನ ಆರ್ಚ್‌ಬಿಷಪ್ ಚಾರ್ಲ್ಸ್ ಬೊರೊಮಿಯೊ 1577ರಲ್ಲಿ ಒಂದು ಕೈಪಿಡಿ ಹೊರಡಿಸಿದರು. ಉದ್ದನೆಯ ಹಜಾರ, ತುದಿಯಲ್ಲಿ ಮೆಟ್ಟಿಲೇರಿ ತಲುಪುವ ಬಲಿಪೀಠ, ಅದರ ಮೇಲೆ ಪರಮ ಪ್ರಸಾದದ ಪೆಟ್ಟಿಗೆ, ಪೀಠಕ್ಕೂ ಜನಕ್ಕೂ ನಡುವೆ ಕಟಾಂಜನ, ಬಾಗಿಲ ಹತ್ತಿರ ದೀಕ್ಷಾಸ್ನಾನದ ತೊಟ್ಟಿ. ಎಲ್ಲರ ಕಣ್ಣೂ ಒಂದೇ ದಿಕ್ಕಿಗೆ. ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಆ ಪುಸ್ತಕ ಬಂದ ಒಂಬತ್ತು ವರ್ಷಕ್ಕೆ, 1586ರಲ್ಲಿ, ಇಮ್ಮಡಿ ಭೈರರಸ ಕಾರ್ಕಳದಲ್ಲಿ ಚತುರ್ಮುಖ ಬಸದಿ ಕಟ್ಟಿಸಿದ. ನಾಲ್ಕು ಬಾಗಿಲು, ನಾಲ್ಕು ದಿಕ್ಕಿಗೂ ಮುಖ ಮಾಡಿದ ತೀರ್ಥಂಕರರು, ಯಾವ ಕಡೆಯಿಂದ ಬಂದರೂ ಅದೇ ಎದುರು. ಒಂದೇ ದಶಕದಲ್ಲಿ ಹುಟ್ಟಿದ ಎರಡು ನಕ್ಷೆಗಳು, ಒಂದಕ್ಕೊಂದು ಪೂರ್ತಿ ವಿರುದ್ಧ. ಮುಂದೆ ಅತ್ತೂರಿಗೂ ಈ ಬಸದಿಗೂ ಒಂದೇ ಪೇಟೆಯ ಜನ ನಡೆದು ಹೋಗುವಂತಾಯಿತು.

ತುದಿಯ ಬಲಿಪೀಠದಲ್ಲಿ ನಡೆಯುತ್ತಿದ್ದುದು ಲ್ಯಾಟಿನ್ ಪೂಜೆ. ಗುರುಗಳು ಜನರಿಗೆ ಬೆನ್ನು ಹಾಕಿ, ಜನರಂತೆಯೇ ಪೀಠದ ಕಡೆಗೆ ಮುಖ ಮಾಡಿ, ಹಲವು ಭಾಗಗಳನ್ನು ಮೆಲುದನಿಯಲ್ಲಿ ಹೇಳುತ್ತಿದ್ದರು. ಕಲ್ಯಾಣಪುರದ ರೈತನಿಗೆ ಲ್ಯಾಟಿನ್ ತಿಳಿಯದು, ತಿಳಿಯಬೇಕೆಂಬ ನಿರೀಕ್ಷೆಯೂ ಇರಲಿಲ್ಲ. ಗಂಟೆ ಬಾರಿಸಿದಾಗ ತಲೆ ಎತ್ತಿ, ಗುರುಗಳು ಎತ್ತಿ ಹಿಡಿದ ರೊಟ್ಟಿಯನ್ನು ಕಂಡರೆ ಆಯಿತು. ಉಡುಪಿಯ ನವಗ್ರಹ ಕಿಂಡಿಯಲ್ಲಿ ಕೃಷ್ಣನನ್ನು ಕಾಣಲು ಸಾಲು ನಿಲ್ಲುವ ಊರಿಗೆ ಇದು ಅಪರಿಚಿತ ಅನುಭವವಲ್ಲ. ದರ್ಶನಕ್ಕೆ ದೂರವಿದ್ದರೂ ನಡೆಯುತ್ತದೆ, ನೇರ ನೋಟ ಮಾತ್ರ ಸಿಗಬೇಕು. ಆದ್ದರಿಂದಲೇ ಉದ್ದನೆಯ ಹಜಾರ, ಎತ್ತರದ ಪೀಠ.

ಆದರೆ ಪ್ರವಚನ ಲ್ಯಾಟಿನ್‌ನಲ್ಲಿ ನಡೆಯುವಂತಿಲ್ಲ. ಅದು ಕೊಂಕಣಿಯಲ್ಲೇ ಆಗಬೇಕು, ಕಿವಿಗೆ ಬೀಳಬೇಕು. ಧ್ವನಿವರ್ಧಕವಿಲ್ಲದ ಕಾಲದಲ್ಲಿ ಉದ್ದನೆಯ ಹಜಾರದ ತುದಿಯಿಂದ ಆಡಿದ ಮಾತು ಬಾಗಿಲ ತನಕ ತಲುಪದು. ಹಾಗಾಗಿ ಪ್ರವಚನ ಪೀಠ ಬಲಿಪೀಠವನ್ನು ಬಿಟ್ಟು ಜನರ ನಡುವೆ ಬಂತು. ಹಜಾರದ ಪಕ್ಕದ ಗೋಡೆಗೆ ಆನಿಕೊಂಡು, ಆಳೆತ್ತರಕ್ಕೆ ಏರಿ, ದನಿ ಮೇಲೆ ಹಾರಿಹೋಗದಂತೆ ತಲೆಯ ಮೇಲೊಂದು ಮರದ ಕೊಡೆ ಹೊತ್ತು ನಿಂತಿತು. ಲ್ಯಾಟಿನ್‌ಗೆ ಒಂದು ಪೀಠ, ಊರ ಮಾತಿಗೆ ಇನ್ನೊಂದು. ಕಟ್ಟಡದ ಒಳಗೇ ಭಾಷೆಗಳ ಸರಹದ್ದು ಎದ್ದು ಕಾಣುತ್ತಿತ್ತು.

ಆ ಕಾಲದ ನೆಲ ಬಹುಮಟ್ಟಿಗೆ ಖಾಲಿ. ಜನ ನಿಂತರು, ಮೊಣಕಾಲೂರಿದರು, ನೆಲದ ಮೇಲೆ ಕೂತರು. ಪ್ರವಚನದ ಹೊತ್ತಿಗೆ ಪೀಠದ ಕಡೆಗೆ ತಿರುಗಿ ಕೂರುವುದು ಸುಲಭವಾಗಿತ್ತು. ಕೊಂಕಣಿಯಲ್ಲಿ ಬೆಂಚಿಗೆ ಇವತ್ತಿಗೂ ಬಾಂಕ್ ಎಂಬ ಪೋರ್ಚುಗೀಸ್ ಪದವೇ ಇದೆ. ಪದ ಹಳೆಯದು, ಹಜಾರ ತುಂಬಾ ಸಾಲುಸಾಲಾಗಿ ಬೆಂಚು ಹಾಕುವುದು ಬಹಳ ತಡವಾಗಿ ಬಂದದ್ದು. ಬೆಂಚು ಬಂದ ಮೇಲೆ ಜನ ತಿರುಗುವುದು ನಿಂತಿತು. ಪಕ್ಕದ ಗೋಡೆಯ ಪೀಠದ ಕಡೆ ನೋಡಲು ಕುತ್ತಿಗೆ ಹೊರಳಿಸಬೇಕಾಯಿತು.

ಬ್ರಹ್ಮಾವರದ ಮಾತನ್ನು ಇಲ್ಲೇ ಮುಗಿಸುತ್ತೇನೆ. 1889ರಲ್ಲಿ ಕೊಲಂಬೊದಲ್ಲಿ ಬಿಷಪ್ ಆಗಿ ಅಭಿಷಿಕ್ತರಾದ ಆಲ್ವಾರಿಸ್ ಮಾರ್ ಜೂಲಿಯಸ್ ಮತ್ತು ಫಾದರ್ ಆರ್. ಝಡ್. ನೊರೊನ್ಹಾ ಅವರ ಜೊತೆ ರೋಮಿನ ಅಧೀನದಿಂದ ಹೊರಬಂದ ಕೊಂಕಣಿ ಕುಟುಂಬಗಳ ಸಭೆ ಅದು. ಸಿರಿಯನ್ ಸಂಪ್ರದಾಯದಲ್ಲಿ ಬಲಿಪೀಠದ ಮುಂದೆ ತೆರೆ ಇರುತ್ತದೆ. ಪೂಜೆಯ ನಡುವೆ ಅದು ಮುಚ್ಚುತ್ತದೆ, ತೆರೆಯುತ್ತದೆ. ದೇವಸ್ಥಾನದ ಗರ್ಭಗುಡಿಯ ಬಾಗಿಲು ಮುಚ್ಚಿ ತೆರೆಯುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕಿವಿಗಾಗಿ ಕಟ್ಟಿದ ಕೋಣೆ

ಬಾಸೆಲ್ ಮಿಶನಿನ ಹೆಬಿಕ್, ಲೇನರ್, ಗ್ರೈನರ್ 1834ರ ಅಕ್ಟೋಬರ್ ಕೊನೆಗೆ ಮಂಗಳೂರಿಗೆ ಬಂದರು. ಗ್ರೈನರ್ ಅನುವಾದಿಸಿದ ತುಳು ಮತ್ತಾಯನ ಸುವಾರ್ತೆ 1842ರಲ್ಲಿ, ತುಳು ಹೊಸ ಒಡಂಬಡಿಕೆ 1847ರಲ್ಲಿ ಮಂಗಳೂರಿನ ಕಲ್ಲಚ್ಚಿನಲ್ಲಿ ಅಚ್ಚಾದವು. ಮೂಲ್ಕಿಯ ಕೇಂದ್ರ 1845ರದ್ದು, ಉಡುಪಿಯದು 1854ರದ್ದು, ಕಾರ್ಕಳದ್ದು 1872ರದ್ದು. ಕಾಪು ಕಡೆಯ ಹಳ್ಳಿಗಳಲ್ಲೂ ಸಣ್ಣ ಸಣ್ಣ ಸಭೆಗಳು ಬೇರೂರಿದವು. ಈ ಇಸವಿಗಳ ಸಾಲನ್ನು ಗಮನಿಸಿದರೆ ಒಂದು ಸಂಗತಿ ಕಾಣುತ್ತದೆ: ಉಡುಪಿಯಲ್ಲಿ ಕೇಂದ್ರ ನಿಲ್ಲುವ ಮೊದಲೇ ಪುಸ್ತಕ ಊರ ಭಾಷೆಗೆ ಬಂದಾಗಿತ್ತು. ಕಟ್ಟಡದೊಳಗೆ ಆಗಬೇಕಾದ ಮುಖ್ಯ ಕೆಲಸ ಆ ಪುಸ್ತಕವನ್ನು ಓದಿ ವಿವರಿಸುವುದು. ಕಣ್ಣಿಗಿಂತ ಕಿವಿಗೆ ಕೆಲಸ ಹೆಚ್ಚು.

ಮಿಶನರಿಗಳಲ್ಲಿ ಅನೇಕರು ಜರ್ಮನಿಯ ವುರ್ಟೆಂಬರ್ಗ್ ಸೀಮೆಯವರು. ಆ ಸೀಮೆಯ ಫ್ರಾಯ್ಡನ್‌ಸ್ಟಾಟ್ ಊರಿನಲ್ಲಿ ವಾಸ್ತುಶಿಲ್ಪಿ ಹೈನ್ರಿಕ್ ಶಿಕ್ಹಾರ್ಟ್ 17ನೇ ಶತಮಾನದ ಮೊದಲ ದಶಕದಲ್ಲಿ ಕಟ್ಟಿದ ವಿಚಿತ್ರ ಚರ್ಚೊಂದಿದೆ. ಬಡಗಿಯ ಮಟ್ಟಗೋಲಿನಂತೆ ಎರಡು ರೆಕ್ಕೆ. ಒಂದರಲ್ಲಿ ಗಂಡಸರು, ಇನ್ನೊಂದರಲ್ಲಿ ಹೆಂಗಸರು. ಒಬ್ಬರಿಗೊಬ್ಬರು ಕಾಣರು, ಮೂಲೆಯಲ್ಲಿರುವ ಉಪದೇಶಕ ಇಬ್ಬರಿಗೂ ಕಾಣುತ್ತಾನೆ, ಕೇಳಿಸುತ್ತಾನೆ. ತುಳುನಾಡಿನಲ್ಲಿ ಯಾರೂ ಅಂಥದ್ದನ್ನು ಕಟ್ಟಲಿಲ್ಲ. ಕಟ್ಟುವ ಅಗತ್ಯವೂ ಬೀಳಲಿಲ್ಲ. ಕಂಬಳವಿರಲಿ, ನೇಮವಿರಲಿ, ಗುತ್ತಿನ ಚಾವಡಿಯ ಪಂಚಾಯಿತಿಯಿರಲಿ, ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ ಕೂರುವುದು ಇಲ್ಲಿ ಮೊದಲಿನಿಂದ ಇದ್ದದ್ದೇ. ನಡುವೆ ಒಂದು ಓಣಿ ಬಿಟ್ಟರೆ ಸಾಕಾಯಿತು. ಹಳೆಯ ಸಭೆಗಳಲ್ಲಿ ಈಗಲೂ ಹಿರಿಯರು ತಮ್ಮ ತಮ್ಮ ಕಡೆಯನ್ನೇ ಹುಡುಕಿ ಕೂರುತ್ತಾರೆ. ಇದನ್ನು ಮಿಶನರಿಗಳು ತಂದ ಕಟ್ಟಳೆ ಎನ್ನುವವರಿದ್ದಾರೆ. ಎರಡು ಊರಿನ ಸಂಕೋಚಗಳು ಒಂದಕ್ಕೊಂದು ಹೊಂದಿಕೊಂಡವು ಎನ್ನುವುದು ಹೆಚ್ಚು ಸರಿ.

ಹಳ್ಳಿಗಳಲ್ಲಿ ವಾರದ ದಿನ ಶಾಲೆ, ಭಾನುವಾರ ಆರಾಧನೆ, ಒಂದೇ ಕೋಣೆ. ಆದ್ದರಿಂದ ಕೋಣೆ ಅಗಲವಾಗಿತ್ತು, ಬೆಳಕಿತ್ತು, ಕಿಟಕಿಗಳು ದೊಡ್ಡವು. ಮುಂದೆ ಒಂದು ವೇದಿಕೆ, ಅದರ ಮೇಲೆ ಪ್ರಸಂಗ ಪೀಠ, ಅದರ ಹತ್ತಿರವೇ ಕರ್ತನ ಭೋಜನದ ಮೇಜು. ಕಟಾಂಜನ ಬೇಕಿಲ್ಲ, ಮೂರ್ತಿಗಳಿಲ್ಲ. ಬೆಂಚು ಇಲ್ಲಿ ಮೊದಲೇ ಒಳಹೊಕ್ಕಿತು, ಏಕೆಂದರೆ ಪ್ರಸಂಗ ದೀರ್ಘ. ಜೊತೆಗೆ ಅದು ಶಾಲೆಯ ಬೆಂಚೂ ಹೌದು. ನಮ್ಮ ಪ್ರೊಟೆಸ್ಟಂಟ್ ಆರಾಧನೆಗೆ ಪಾಠದ ಛಾಯೆ ಇದೆ ಎಂದು ಯಾರಾದರೂ ಆಡಿಕೊಂಡರೆ ಕಾರಣವನ್ನು ಆ ಕೋಣೆಯಲ್ಲೂ ಹುಡುಕಬಹುದು.

ಕೂರುವ ಸಾಲಿಗೆ ಜಾತಿಯ ಪ್ರಶ್ನೆಯೂ ಅಂಟಿಕೊಂಡಿತ್ತು. ಉಡುಪಿ, ಮೂಲ್ಕಿ ಕಡೆ ಸಭೆಗೆ ಸೇರಿದವರಲ್ಲಿ ಬಿಲ್ಲವರು ಹೆಚ್ಚು. ಜಾತಿಭೇದ ಬಿಡಬೇಕೆಂಬ ವಿಷಯದಲ್ಲಿ ಬಾಸೆಲ್ ಮಿಶನ್ ಬಹಳ ಕಟ್ಟುನಿಟ್ಟು. ಒಂದೇ ಮೇಜು, ಒಂದೇ ಪಾತ್ರೆ. ಬೇರೆ ಬೇರೆ ಮನೆತನದ ತುಟಿಗಳು ಅದೇ ಪಾತ್ರೆಯನ್ನು ಮುಟ್ಟಬೇಕು. ಎಂಜಲಿನ ಊರಿನಲ್ಲಿ ಇದಕ್ಕಿಂತ ದೊಡ್ಡ ಪರೀಕ್ಷೆ ಬೇರೆ ಇಲ್ಲ. ಮೇಜನ್ನು ಎಲ್ಲರೂ ಸುತ್ತ ನಿಲ್ಲುವಂತೆ ಮುಂದೆ ಇಡುವುದಕ್ಕೆ ಈ ಅರ್ಥವೂ ಇತ್ತು.

ಅಗಲವನ್ನು ನಿರ್ಧರಿಸಿದ ಇನ್ನೊಂದು ಸಂಗತಿ ಮಾಡು. ಮುರಕಲ್ಲಿನ ಗೋಡೆ ಎಷ್ಟೇ ದಪ್ಪವಿರಲಿ, ನಡುವೆ ಕಂಬವಿಲ್ಲದೆ ಎಷ್ಟು ಅಗಲ ಬಿಡಬಹುದು ಎಂಬುದನ್ನು ತೊಲೆಯ ಉದ್ದ ಹೇಳುತ್ತದೆ. ಮುಳಿಹುಲ್ಲಿನ ಮಾಡು ಹಗುರ, ಆದರೆ ವರ್ಷವರ್ಷವೂ ಹೊದೆಸಬೇಕು, ಬೆಂಕಿಯ ಭಯ ಬೇರೆ. ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದ ಮೇಲೆ, ಮುಂದೆ ಮಲ್ಪೆಯಲ್ಲೂ ಮಿಶನಿನ ಕಾರ್ಖಾನೆ ಎದ್ದ ಮೇಲೆ, ಒಂದಕ್ಕೊಂದು ಕೊಂಡಿ ಹಾಕಿ ಕೂರುವ ಹೆಂಚು ಕಥೋಲಿಕರ ಮಾಡಿಗೂ ಏರಿತು. ತ್ರಿಕೋನದ ಮರದ ಕಟ್ಟಿನ ಮೇಲೆ ಹೆಂಚು ಹೊದೆಸಿದರೆ ಒಳಗೆ ಕಂಬಗಳ ಕಾಟ ಕಡಿಮೆ. ನೋಟಕ್ಕೂ ಅಡ್ಡಿಯಿಲ್ಲ, ಮಾತಿಗೂ ಅಡ್ಡಿಯಿಲ್ಲ. ಆಟಿಯ ಮಳೆಯಲ್ಲಿ ಹೆಂಚಿನ ಕೆಳಗೆ ಪ್ರಸಂಗ ಕೇಳಬಹುದು, ತಗಡಿನ ಕೆಳಗೆ ಕೇಳಲಾಗದು. ಹಿಂದಿನ ಕಟ್ಟಳೆಯಂತೆ ಪೀಠ ಪೂರ್ವಕ್ಕಿದ್ದರೆ ಮುಂಬಾಗಿಲು ಪಶ್ಚಿಮಕ್ಕೆ, ಅಂದರೆ ನೇರ ಕಡಲ ಮಳೆಗೆ. ಹಳೆಯ ಚರ್ಚುಗಳ ಆಳವಾದ ಮುಖಮಂಟಪ ಅಲಂಕಾರಕ್ಕಷ್ಟೇ ಇರಲಾರದು. ಕೊಡೆ ಮಡಚಲು, ಚಪ್ಪಲಿ ಬಿಡಲು, ಪೂಜೆ ಮುಗಿದ ಮೇಲೆ ಮಳೆ ನಿಲ್ಲುವ ತನಕ ಮಾತಾಡಲು ಅದೇ ಜಾಗ.

ಪೀಠ ತಿರುಗಿದ ವರ್ಷ

1965ರ ಮಾರ್ಚ್ 7ಕ್ಕೆ ಕಥೋಲಿಕ ಲೋಕದಲ್ಲಿ ಒಂದು ಸೂಚನೆ ಜಾರಿಗೆ ಬಂತು. ಎರಡನೇ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರಂದು ಆರಾಧನೆಯ ಸುಧಾರಣೆಗೆ ಒಪ್ಪಿಗೆ ಕೊಟ್ಟಿತ್ತು. ಅದನ್ನು ಕಾರ್ಯಗತಗೊಳಿಸುವ 1964ರ ಆದೇಶ, ಮುಖ್ಯ ಬಲಿಪೀಠ ಗೋಡೆಯಿಂದ ಬೇರೆಯಾಗಿ ನಿಲ್ಲುವುದು ಒಳ್ಳೆಯದು, ಸುತ್ತ ನಡೆಯಲು ಬರಬೇಕು, ಜನರಿಗೆ ಮುಖ ಮಾಡಿ ಪೂಜೆ ಸಲ್ಲಿಸಲು ಬರಬೇಕು ಎಂದು ಹೇಳಿತು. ಇದೇ ಸುಧಾರಣೆ ಊರ ಭಾಷೆಗೆ ಬಾಗಿಲು ತೆರೆಯಿತು. ಕೊಂಕಣಿ ಬಲಿಪೀಠವನ್ನು ಏರಿತು. ಏರಿದ ಕೂಡಲೇ ಪಕ್ಕದ ಗೋಡೆಯ ಪ್ರವಚನ ಪೀಠಕ್ಕೆ ಕೆಲಸವಿಲ್ಲದಾಯಿತು. ವಾಚನ ಪೀಠ ಮುಂದೆ, ಬಲಿಪೀಠದ ಬಳಿಗೇ ಬಂತು. ಬಾಗಿಲ ಮೇಲಿನ ಅಟ್ಟದಲ್ಲಿದ್ದ ಗಾಯನ ಮಂಡಳಿ ಕೆಳಗಿಳಿದು ಜನರ ಜೊತೆ ಹಾಡತೊಡಗಿತು. ಎಷ್ಟೋ ಕಡೆ ಕಟಾಂಜನ ಕಳಚಿತು.

ಕಥೋಲಿಕರಿಗಿಂತ ಮೊದಲೇ ಇದನ್ನು ಮಾಡಿದವರಿದ್ದರು. ಬಾಸೆಲ್ ಮಿಶನಿನ ಸಭೆಗಳು ಮುಂದೆ ಸೇರಿಕೊಂಡ ದಕ್ಷಿಣ ಭಾರತ ಸಭೆ ತನ್ನ ಕರ್ತನ ಭೋಜನದ ಕ್ರಮವನ್ನು 1950ರಲ್ಲಿ ಬಳಕೆಗೆ ತಂದಾಗ, ಸಭಾಪಾಲಕರು ಮೇಜಿನ ಹಿಂದೆ ಜನರಿಗೆ ಮುಖ ಮಾಡಿ ನಿಲ್ಲುವುದೂ, ಸಮಾಧಾನದ ವಂದನೆಯನ್ನು ಕೈಯಿಂದ ಕೈಗೆ ದಾಟಿಸುವುದೂ ಅದರಲ್ಲಿ ಸೇರಿದ್ದವು. ರೋಮಿಗಿಂತ ಹದಿನೈದು ವರ್ಷ ಮೊದಲು. ನಮ್ಮಲ್ಲಿ ಇದನ್ನು ನೆನೆಯುವವರು ಕಡಿಮೆ.

ಹಳೆಯ ಬಲಿಪೀಠ ಏನಾಯಿತು? ಕೆತ್ತನೆಯ ಮರದ ಹಿನ್ನೆಲೆಯನ್ನು ಕಿತ್ತೆಸೆಯಲು ಮನಸ್ಸು ಬಾರದ ಕಡೆ ಅದನ್ನು ಹಾಗೇ ಬಿಟ್ಟು, ಅದರ ಮುಂದೆ ಹೊಸ ಮೇಜು ಇಟ್ಟರು. ಒಂದೇ ಕೋಣೆಯಲ್ಲಿ ಎರಡು ಕಾಲ. ಕಟ್ಟುನಿಟ್ಟಾದ ವಿದ್ವಾಂಸರಿಗೆ ಇದು ಹಿಡಿಸದು, ನನಗೆ ಹಿಡಿಸುತ್ತದೆ. ಅಲ್ಲಿ ಚರಿತ್ರೆ ಓದಲು ಸಿಗುತ್ತದೆ. ಎಲ್ಲವನ್ನೂ ಕೆಡವಿ ಟೈಲ್ಸ್ ಹಾಕಿದಲ್ಲಿ ಸಿಗುವುದಿಲ್ಲ.

ಇನ್ನೊಂದು ತಮಾಷೆ. 1969ರಲ್ಲಿ ಭಾರತದ ಬಿಷಪರ ಮಂಡಳಿಯ ಕೋರಿಕೆಗೆ ರೋಮ್ ಒಪ್ಪಿದ ಹನ್ನೆರಡು ಹೊಂದಾಣಿಕೆಗಳಲ್ಲಿ ನೆಲದ ಮೇಲೆ ಕೂರುವುದು, ಚಪ್ಪಲಿ ಕಳಚುವುದು ಮೊದಲು ಬಂದವು. ಅಜ್ಜಂದಿರು ನೆಲದಲ್ಲಿ ಕೂತಿದ್ದರು, ಅಪ್ಪಂದಿರು ವಂತಿಗೆ ಎತ್ತಿ ಬೆಂಚು ಮಾಡಿಸಿದರು, ಮಕ್ಕಳಿಗೆ ನೆಲದಲ್ಲಿ ಕೂರಬಹುದೆಂಬ ಅನುಮತಿ ಬಂತು. ಬೆಂಚುಗಳು ಕದಲಲಿಲ್ಲ.

ಗೋಡೆಯ ಆಚೆ

ಒಳಗಿನ ನಕ್ಷೆ ಎಷ್ಟೇ ಬದಲಾದರೂ ಈ ಸೀಮೆಯ ದೊಡ್ಡ ಕೂಟಗಳು ಒಳಗೆ ಹಿಡಿಸಿದ್ದೇ ಇಲ್ಲ. ಸೆಪ್ಟೆಂಬರ್ 8ರ ಮೊಂತಿ ಫೆಸ್ತ್‌ಗೆ ಅಂಗಳದಲ್ಲಿ ತೆನೆಗೆ ಆಶೀರ್ವಾದ, ಬಾಲ ಮರಿಯಳಿಗೆ ಮಕ್ಕಳ ಕೈಯಿಂದ ಹೂವು, ಅಲ್ಲಿಂದ ಮೆರವಣಿಗೆಯಾಗಿ ಒಳಕ್ಕೆ. ನಡುವಿನ ಓಣಿಗೆ ಎಷ್ಟು ಅಗಲ ಬೇಕೆಂದು ಆ ದಿನ ತಿಳಿಯುತ್ತದೆ. ಕಾಪು ಕಡೆಯವರಾದರೆ ಹೂವಿಗೆ ಶಂಕರಪುರ ಮಲ್ಲಿಗೆಯನ್ನು ದೂರದಿಂದ ತರಿಸಬೇಕಿಲ್ಲ. ಅತ್ತೂರಿನ ಜನವರಿ ಸಾಂತುಮಾರಿಗಂತೂ ಲಕ್ಷಾಂತರ ಜನ, ಎಲ್ಲ ಮತದವರು. ಮೂರ್ತಿಯ ದರ್ಶನ, ಮೊಂಬತ್ತಿ ಹಚ್ಚುವುದು, ಪುಷ್ಕರಿಣಿಯ ನೀರು, ಈ ಕ್ರಮದಲ್ಲಿ ಜನ ಹರಿಯುತ್ತಾರೆ, ಕೂರುವುದಿಲ್ಲ. ಸಭೆಗಾಗಿ ಕಟ್ಟಿದ ಕೋಣೆ ಹಬ್ಬದ ದಿನಗಳಲ್ಲಿ ದರ್ಶನದ ದಾರಿಯಾಗುತ್ತದೆ. ಒಂದೇ ಕಟ್ಟಡ ಭಾನುವಾರ ನಿಲ್ಲುವ ಜನಕ್ಕೂ ಜನವರಿಯಲ್ಲಿ ಸಾಗುವ ಜನಕ್ಕೂ ಒದಗಬೇಕು.

2016ರಲ್ಲಿ ಅತ್ತೂರು ಕಿರು ಬಸಿಲಿಕಾ ಆಯಿತು. ಆ ಪದವಿಗೆ 1989ರ ವ್ಯಾಟಿಕನ್ ನಿಯಮಗಳಿವೆ: ಕಟ್ಟಡ ತಕ್ಕಷ್ಟು ದೊಡ್ಡದಿರಬೇಕು, ಬಲಿಪೀಠದ ಆವರಣ ವಿಶಾಲವಿರಬೇಕು, ಬಲಿಪೀಠ, ವಾಚನ ಪೀಠ, ಗುರುಗಳ ಆಸನ ಹೊಸ ಕ್ರಮಕ್ಕೆ ತಕ್ಕಂತಿರಬೇಕು. ಗೌರವ ಕೂಡ ನಕ್ಷೆಯನ್ನು ನೋಡಿ ಬರುತ್ತದೆ ಎಂದಾಯಿತು. ಅದಕ್ಕೂ ಮೊದಲು, 2012ರಲ್ಲಿ ಉಡುಪಿ ಧರ್ಮಪ್ರಾಂತ್ಯ ಮಂಗಳೂರಿನಿಂದ ಬೇರೆಯಾಗಿ ಮಿಲಾಗ್ರಿಸ್ ಕ್ಯಾಥೆಡ್ರಲ್ ಆದಾಗ, ಅಲ್ಲಿ ಬಿಷಪರ ಆಸನಕ್ಕೆ ಶಾಶ್ವತ ಜಾಗ ಬೇಕಾಯಿತು. ಕ್ಯಾಥೆಡ್ರಲ್ ಎಂಬ ಹೆಸರಿಗೆ ಮೂಲವೇ ಆ ಕುರ್ಚಿ.

ಇನ್ನು ಮಣಿಪಾಲ. 1953ರಲ್ಲಿ ಡಾ. ಟಿ.ಎಂ.ಎ. ಪೈ ಅವರ ಕಸ್ತೂರ್ಬಾ ಮೆಡಿಕಲ್ ಕಾಲೇಜು ಶುರುವಾದ ಗುಡ್ಡದ ಮೇಲೆ ಈಗ ನಾಡಿನ ಎಲ್ಲ ಮೂಲೆಯ ವಿದ್ಯಾರ್ಥಿಗಳಿದ್ದಾರೆ. ಕೇರಳದವನಿಗೆ ಕೊಂಕಣಿ ತಿಳಿಯದು. ಗೋವಾದ ಹುಡುಗಿಗೆ ಕೊಂಕಣಿ ಗೊತ್ತು, ಕನ್ನಡ ಲಿಪಿ ಗೊತ್ತಿಲ್ಲ. ಈಶಾನ್ಯ ರಾಜ್ಯದವರಿಗೆ ಎರಡೂ ಇಲ್ಲ. ಇಂಥ ಸಭೆಗೆ ಹಾಡಿನ ಸಾಲುಗಳನ್ನು ತೋರಿಸಲು ಪರದೆ ಬೇಕು. ಪರದೆ ಎಲ್ಲಿರಬೇಕು? ಬಲಿಪೀಠದ ಹಿಂದೆ ಹಾಕಿದರೆ ಶಿಲುಬೆ ಮರೆಯಾಗುತ್ತದೆ. ಮುಂದೆ ಇಟ್ಟರೆ ಗುರುಗಳು ಮರೆಯಾಗುತ್ತಾರೆ. ಹೊಸ ಕಟ್ಟಡದ ಪಾಲನಾ ಮಂಡಳಿಗಳು ಈಗ ಹೊತ್ತು ಕಳೆಯುವುದು ಹೆಚ್ಚಾಗಿ ಇದರ ಮೇಲೆಯೇ. ಕಡೆಗೆ ಹೆಚ್ಚಿನವರು ಒಪ್ಪುವುದು ಪಕ್ಕದ ಗೋಡೆಯನ್ನು, ಹಜಾರದ ನಡುವೆ, ಆಳೆತ್ತರದಲ್ಲಿ, ಹಿಂದೆ ಕೊಂಕಣಿ ಪ್ರವಚನದ ಪೀಠ ನಿಲ್ಲುತ್ತಿದ್ದ ಜಾಗವನ್ನು.