ಸ್ಪಾರ್ಟಾದ ಕುಸಿತ, ಥೀಬ್ಸ್‌ನ ಒಂದು ದಶಕ

ಕ್ರಿ.ಪೂ. 404ರಿಂದ 338ರವರೆಗಿನ ಅವಧಿಯಲ್ಲಿ ಗ್ರೀಸಿನ ಮುಖಂಡತ್ವವು ಅಥೆನ್ಸ್‌ನಿಂದ ಸ್ಪಾರ್ಟಾಕ್ಕೆ, ಸ್ಪಾರ್ಟಾದಿಂದ ಥೀಬ್ಸ್‌ಗೆ ದಾಟಿ, ಕೊನೆಗೆ ಈ ಮೂರೂ ನಗರ ರಾಜ್ಯಗಳ ಕೈತಪ್ಪಿ ಉತ್ತರದ ಮ್ಯಾಸಿಡೋನಿಯಾದ ಅರಸನ ಪಾಲಾಯಿತು. ನಗರ ರಾಜ್ಯ, ಅಂದರೆ ಗ್ರೀಕರ ‘ಪೊಲಿಸ್’, ಒಂದು ಪಟ್ಟಣವೂ ಅದರ ಸುತ್ತಲಿನ ಹೊಲಗಳೂ ಸೇರಿ ತನ್ನದೇ ಕಾನೂನು, ದೇವತೆ, ಸೈನ್ಯಗಳನ್ನು ಹೊಂದಿದ್ದ ಪುಟ್ಟ ರಾಜ್ಯವಾಗಿತ್ತು. ಅಂಥವು ಗ್ರೀಕ್ ಜಗತ್ತಿನಲ್ಲಿ ನೂರಾರು ಇದ್ದವು. ಈ ರಾಜ್ಯಗಳ ಏಳುಬೀಳುಗಳನ್ನು ಯುದ್ಧತಂತ್ರದ ಅಥವಾ ಸೇನಾನಿಗಳ ಪ್ರತಿಭೆಯ ಕಥೆಯಾಗಿ ಹೇಳುವುದು ವಾಡಿಕೆ. ಆದರೆ ಇವುಗಳಲ್ಲಿ ಯಾವುದರ ಬಲವೂ ಪೂರ್ತಿಯಾಗಿ ಸ್ವಂತದ್ದಾಗಿರಲಿಲ್ಲ. ಅಧೀನ ನೆರೆಹೊರೆಯವರ ಭೂಮಿ, ಕಪ್ಪ, ಸೈನಿಕರನ್ನು ನೆಚ್ಚಿಕೊಂಡಿದ್ದ ಬಲ ಅದಾಗಿದ್ದುದರಿಂದ, ಎದುರಾಳಿಯನ್ನು ಕೆಡವುವ ಅತ್ಯಂತ ಖಚಿತ ಉಪಾಯವೆಂದರೆ ಅವನ ಅಧೀನರನ್ನು ಬಿಡುಗಡೆ ಮಾಡುವುದಾಗಿತ್ತು.

ಸ್ಪಾರ್ಟಾ ಈ ಉಪಾಯವನ್ನು ಘೋಷಣೆಯಾಗಿಯೇ ಬಳಸಿತು. ಪರ್ಷಿಯನ್ನರ ವಿರುದ್ಧ ಕ್ರಿ.ಪೂ. 478ರಲ್ಲಿ ಕಟ್ಟಿದ ಮೈತ್ರಿಕೂಟವನ್ನು ಅಥೆನ್ಸ್ ಕ್ರಮೇಣ ತನ್ನ ಸಾಮ್ರಾಜ್ಯವನ್ನಾಗಿ ಮಾಡಿಕೊಂಡು, ಡೆಲೋಸ್ ದ್ವೀಪದಲ್ಲಿದ್ದ ಸಾಮಾನ್ಯ ಖಜಾನೆಯನ್ನು 454ರ ಹೊತ್ತಿಗೆ ತನ್ನ ಊರಿಗೇ ಒಯ್ದಿತ್ತು. ಗ್ರೀಕರಿಗೆ ಸ್ವಾತಂತ್ರ್ಯ ಕೊಡಿಸುವ ಮಾತಿನೊಂದಿಗೆ 431ರಲ್ಲಿ ಪೆಲೊಪೊನೇಸಿಯನ್ ಯುದ್ಧಕ್ಕಿಳಿದ ಸ್ಪಾರ್ಟಾ, 404ರಲ್ಲಿ ಅಥೆನ್ಸ್ ಶರಣಾದಾಗ ಅದರ ಕೋಟೆಗೋಡೆಗಳನ್ನು ಕೊಳಲಿನ ವಾದ್ಯದೊಂದಿಗೆ ಕೆಡವಿಸಿತು. ಆ ದಿನ ಗ್ರೀಸಿನ ಬಿಡುಗಡೆಯ ಮೊದಲ ದಿನವೆಂದು ಜನ ಭಾವಿಸಿದರೆಂದು ಇತಿಹಾಸಕಾರ ಕ್ಸೆನೊಫೋನ್ ಬರೆದಿದ್ದಾನೆ. ಆದರೆ ಸ್ಪಾರ್ಟಾದ ದಂಡನಾಯಕ ಲೈಸಾಂಡರ್ ಬಿಡುಗಡೆಗೊಂಡ ಊರುಗಳಲ್ಲಿ ಹತ್ತು ಜನರ ಆಡಳಿತ ಮಂಡಳಿಗಳನ್ನೂ ‘ಹಾರ್ಮೋಸ್ಟ್’ ಎಂಬ ಸೇನಾ ಅಧಿಕಾರಿಗಳನ್ನೂ ನೇಮಿಸಿದ್ದರಿಂದ, ಒಡೆಯರು ಬದಲಾದರೇ ಹೊರತು ಒಡೆತನ ಹೋಗಲಿಲ್ಲ. ಯುದ್ಧದಲ್ಲಿ ಸ್ಪಾರ್ಟಾದ ಜೊತೆಗಿದ್ದ ಕಾರಿಂತ್ ಮತ್ತು ಥೀಬ್ಸ್ ಹತ್ತು ವರ್ಷ ಕಳೆಯುವ ಮೊದಲೇ ಅದರ ಮೇಲೆ ಆಯುಧವೆತ್ತಿದವು. ಅಥೆನ್ಸ್ ಪರ್ಷಿಯಾದ ಹಣದಿಂದ ತನ್ನ ಗೋಡೆಗಳನ್ನು ಮತ್ತೆ ಕಟ್ಟಿಕೊಂಡಿತು.

ಆ ಕಲಹ ಕ್ರಿ.ಪೂ. 386ರಲ್ಲಿ ‘ಅರಸನ ಶಾಂತಿ’ ಎಂಬ ಒಪ್ಪಂದದಿಂದ ಮುಗಿಯಿತು. ಪರ್ಷಿಯಾದ ಅರಸ ಅರ್ತಕ್ಸರ್ಕ್ಸಿಸ್ ವಿಧಿಸಿದ ಆ ಒಪ್ಪಂದದಂತೆ ಏಷ್ಯಾ ಮೈನರಿನ ಗ್ರೀಕ್ ಊರುಗಳು ಪರ್ಷಿಯಾಕ್ಕೆ ಸೇರಿದವು, ಉಳಿದವು ಚಿಕ್ಕದಾಗಲಿ ದೊಡ್ಡದಾಗಲಿ ಸ್ವತಂತ್ರವಾಗಿರಬೇಕೆಂದಾಯಿತು. ಗ್ರೀಕರ ಹಕ್ಕನ್ನು ಗ್ರೀಕರ ಹಳೆಯ ವೈರಿಯ ಮುದ್ರೆಯೊತ್ತಿ ಪಡೆಯಬೇಕಾಗಿ ಬಂದುದು ಅವಮಾನಕರವೇ ಸರಿ. ಅದಕ್ಕಿಂತ ಘೋರವಾದುದು ಸ್ಪಾರ್ಟಾ ಆ ಹಕ್ಕಿನ ಕಾವಲುಗಾರನಾಗಿ ನಡೆದುಕೊಂಡ ರೀತಿ. ಸ್ವಾತಂತ್ರ್ಯದ ನಿಯಮವನ್ನು ಮುಂದಿಟ್ಟುಕೊಂಡು ಅದು ಥೀಬ್ಸ್‌ನ ನೇತೃತ್ವದ ಬೊಯೋಷಿಯಾ ಒಕ್ಕೂಟವನ್ನು ಒಡೆಯಿತು, 385ರಲ್ಲಿ ಮಾಂಟಿನಿಯಾ ಪಟ್ಟಣವನ್ನು ಕೆಡವಿ ಅಲ್ಲಿನವರನ್ನು ಹಳ್ಳಿಗಳಿಗೆ ಚದುರಿಸಿತು. 382ರಲ್ಲಿ ಫೀಬಿಡಾಸ್ ಎಂಬ ಸೇನಾನಿ ಶಾಂತಿಯ ಕಾಲದಲ್ಲೇ ಥೀಬ್ಸ್‌ನ ಕೋಟೆಯಾದ ಕಾಡ್ಮಿಯಾವನ್ನು ಹಿಡಿದಾಗ, ಸ್ಪಾರ್ಟಾ ಅವನಿಗೆ ದಂಡ ವಿಧಿಸಿಯೂ ಕೋಟೆಯನ್ನು ತನ್ನ ಬಳಿಯೇ ಇರಿಸಿಕೊಂಡಿತು. ಅಥೆನ್ಸ್‌ನಲ್ಲಿ ಆಶ್ರಯ ಪಡೆದಿದ್ದ ಪೆಲೊಪಿಡಾಸ್ ಮೊದಲಾದ ದೇಶಭ್ರಷ್ಟರು 379ರ ಚಳಿಗಾಲದಲ್ಲಿ ಗುಟ್ಟಾಗಿ ಊರು ಸೇರಿ ಸ್ಪಾರ್ಟಾಪರ ಆಳುವವರನ್ನು ಕೊಂದ ಮೇಲೆ ಆ ಕಾವಲುಪಡೆ ಹೊರಟುಹೋಯಿತು.

ಕ್ರಿ.ಪೂ. 371ರಲ್ಲಿ ಸ್ಪಾರ್ಟಾದಲ್ಲಿ ಸೇರಿದ ಶಾಂತಿಸಭೆಯಲ್ಲಿ ಥೀಬ್ಸ್‌ನ ಪ್ರತಿನಿಧಿ ಎಪಮಿನೊಂಡಾಸ್, ತಾನು ಥೀಬ್ಸ್‌ ಒಂದರ ಪರವಾಗಿ ಅಲ್ಲ, ಬೊಯೋಷಿಯಾದ ಎಲ್ಲ ಊರುಗಳ ಪರವಾಗಿ ಪ್ರಮಾಣ ಮಾಡುವುದಾಗಿ ಪಟ್ಟುಹಿಡಿದನು. ಸ್ಪಾರ್ಟಾದ ಅರಸ ಅಗೆಸಿಲೌಸ್ ಇದನ್ನು ಒಪ್ಪದೆ ಥೀಬ್ಸ್‌ನ ಹೆಸರನ್ನೇ ಒಪ್ಪಂದದಿಂದ ಅಳಿಸಿಹಾಕಿದನು. ಕೆಲವೇ ವಾರಗಳಲ್ಲಿ ಸ್ಪಾರ್ಟಾದ ಇನ್ನೊಬ್ಬ ಅರಸ ಕ್ಲಿಯೊಂಬ್ರೊಟಸ್‌ನ ಸೈನ್ಯ ಲ್ಯೂಕ್ಟ್ರಾ ಬಯಲಿನಲ್ಲಿ ಥೀಬನ್ನರನ್ನು ಎದುರಿಸಿತು. ಗ್ರೀಕರ ಕಾಲಾಳು ಯೋಧರಾದ ‘ಹಾಪ್ಲೈಟ್’ಗಳು ಗುರಾಣಿಗೆ ಗುರಾಣಿ ತಾಗಿಸಿ ಸಾಲುಸಾಲಾಗಿ ನಿಲ್ಲುತ್ತಿದ್ದರು, ಆಯ್ದ ಯೋಧರು ಬಲಪಾರ್ಶ್ವದಲ್ಲಿರುವುದು ರೂಢಿ. ಎಪಮಿನೊಂಡಾಸ್ ಎಡಪಾರ್ಶ್ವವನ್ನು ಐವತ್ತು ಸಾಲುಗಳಷ್ಟು ದಟ್ಟವಾಗಿಸಿ, ಅರಸನೇ ನಿಂತಿದ್ದ ಸ್ಪಾರ್ಟಾದ ಹನ್ನೆರಡು ಸಾಲುಗಳ ಬಲಪಾರ್ಶ್ವದ ಮೇಲೆ ನುಗ್ಗಿಸಿದನು. 300 ಯೋಧರ ‘ಪವಿತ್ರ ದಳ’ವನ್ನು ಪೆಲೊಪಿಡಾಸ್ ನಡೆಸಿದನು. ಕ್ಲಿಯೊಂಬ್ರೊಟಸ್ ಸತ್ತನು; ಅಲ್ಲಿದ್ದ ಸುಮಾರು 700 ಸ್ಪಾರ್ಟಿಯೇಟರಲ್ಲಿ, ಅಂದರೆ ಪೂರ್ಣ ಪೌರತ್ವವಿದ್ದ ಯೋಧರಲ್ಲಿ, ಸುಮಾರು 400 ಮಂದಿ ಮಡಿದರು.

ನಾನೂರು ಜನರ ಸಾವು ಒಂದು ರಾಜ್ಯವನ್ನು ಕಂಗೆಡಿಸಬೇಕಾದರೆ ಅದರ ಬುಡ ಮೊದಲೇ ಸವೆದಿರಬೇಕು. ಕ್ರಿ.ಪೂ. 480ರಲ್ಲಿ 8,000 ಸ್ಪಾರ್ಟಿಯೇಟರಿದ್ದರೆಂದು ಹೆರೊಡೊಟಸ್ ಹೇಳಿದರೆ, ನಂತರದ ಶತಮಾನದ ಅರಿಸ್ಟಾಟಲ್ ಅವರ ಸಂಖ್ಯೆ ಸಾವಿರವನ್ನೂ ಮುಟ್ಟದಂತೆ ಇಳಿದಿತ್ತೆಂದೂ ಸ್ಪಾರ್ಟಾ ಹಾಳಾದದ್ದು ಜನರ ಕೊರತೆಯಿಂದಲೇ ಎಂದೂ ತೀರ್ಮಾನಿಸುತ್ತಾನೆ. ಪ್ರತಿಯೊಬ್ಬ ಪೌರನೂ ಸಾಮೂಹಿಕ ಭೋಜನಕೂಟಕ್ಕೆ ತನ್ನ ಪಾಲಿನ ಧಾನ್ಯ, ದ್ರಾಕ್ಷಾರಸ ಮೊದಲಾದವನ್ನು ಕೊಡಬೇಕಾಗಿದ್ದು, ಕೊಡಲಾಗದವನು ಪೌರತ್ವವನ್ನೇ ಕಳೆದುಕೊಳ್ಳುತ್ತಿದ್ದನು. ಭೂಮಿ ಕೆಲವರ ಕೈಯಲ್ಲಿ ಕೂಡಿಕೊಂಡಂತೆಲ್ಲ ಇಂಥವರು ಹೆಚ್ಚಿದರು. ಆ ಭೂಮಿಯನ್ನಾದರೂ ಉಳುತ್ತಿದ್ದವರು ‘ಹೆಲಟ್’ಗಳು. ಟೈಗೆಟಸ್ ಪರ್ವತದಾಚೆಯ ಫಲವತ್ತಾದ ಮೆಸ್ಸೇನಿಯಾವನ್ನು ಬಹು ಹಿಂದೆಯೇ ಗೆದ್ದಿದ್ದ ಸ್ಪಾರ್ಟಾ, ಅಲ್ಲಿನ ಗ್ರೀಕರನ್ನೇ ಮಣ್ಣಿಗೆ ಕಟ್ಟಿದ ಜೀತದಾಳುಗಳನ್ನಾಗಿಸಿತ್ತು. ಸ್ಪಾರ್ಟಾದ ಅಧಿಕಾರಿಗಳು ಪ್ರತಿವರ್ಷ ಹೆಲಟ್‌ಗಳ ಮೇಲೆ ವಿಧಿವತ್ತಾಗಿ ಯುದ್ಧ ಸಾರುತ್ತಿದ್ದರು. ಹಾಗೆ ಮಾಡಿದರೆ ಅವರನ್ನು ಕೊಂದರೂ ಪಾಪ ತಟ್ಟದೆಂಬುದು ಅದರ ಉದ್ದೇಶ. ಸ್ಪಾರ್ಟಾದ ಶಿಸ್ತನ್ನು ಹೊಗಳುವ ಬರಹಗಳು ಇಂದಿಗೂ ಬರುತ್ತಿವೆ. ಆ ಶಿಸ್ತಿಗೆ ಬಿಡುವು ಒದಗಿಸಿದ್ದು ಮತ್ತೊಬ್ಬರ ದುಡಿಮೆ ಎಂಬುದನ್ನು ಅವು ಮರೆಯಬಾರದು.

ಆದ್ದರಿಂದ ಸ್ಪಾರ್ಟಾವನ್ನು ನಿಜವಾಗಿ ಮುರಿದದ್ದು ಲ್ಯೂಕ್ಟ್ರಾ ಅಲ್ಲ, ಅದರ ಮರುವರ್ಷದ ಚಳಿಗಾಲದ ದಂಡಯಾತ್ರೆ. ಎಪಮಿನೊಂಡಾಸ್ ಅದುವರೆಗೆ ಯಾವ ಶತ್ರುವೂ ಸೂರೆಮಾಡದಿದ್ದ ಸ್ಪಾರ್ಟಾದ ನಾಡಿಗೆ ನುಗ್ಗಿ, ಊರನ್ನು ಹಿಡಿಯಲಾಗದಿದ್ದರೂ ಮೆಸ್ಸೇನಿಯಾಕ್ಕೆ ನಡೆದು, ಹೆಲಟ್‌ಗಳನ್ನು ಬಿಡುಗಡೆ ಮಾಡಿ, ಕ್ರಿ.ಪೂ. 369ರಲ್ಲಿ ಇಥೋಮೆ ಬೆಟ್ಟದ ಬುಡದಲ್ಲಿ ಮೆಸ್ಸೇನೆ ಎಂಬ ಹೊಸ ನಗರವನ್ನು ಸ್ಥಾಪಿಸಿದನು. ಇಟಲಿ, ಸಿಸಿಲಿ, ಲಿಬಿಯಾಗಳಲ್ಲಿ ಚದುರಿದ್ದ ಮೆಸ್ಸೇನಿಯನ್ನರು ಕರೆಗೆ ಓಗೊಟ್ಟು ತಲೆಮಾರುಗಳ ಬಳಿಕ ಮರಳಿದರು. ಇಂದಿಗೂ ನಿಂತಿರುವ ಅಲ್ಲಿನ ಕಲ್ಲಿನ ಕೋಟೆ ಆ ಜನರ ನಿಶ್ಚಯದ ಗಟ್ಟಿತನವನ್ನು ತೋರಿಸುತ್ತದೆ. ಉತ್ತರಕ್ಕೆ ಅರ್ಕೇಡಿಯಾದಲ್ಲಿ ಹಲವು ಹಳ್ಳಿಗಳನ್ನು ಕೂಡಿಸಿ ಮೆಗಲೊಪೊಲಿಸ್ ಎಂಬ ಇನ್ನೊಂದು ನಗರ ಎದ್ದಿತು. ಹೀಗೆ ಸ್ಪಾರ್ಟಾ ತನ್ನ ಜೀವನಾಧಾರದ ಭೂಮಿಯ ದೊಡ್ಡ ಭಾಗವನ್ನು ಕಳೆದುಕೊಂಡಿತು. ಮೆಸ್ಸೇನೆಯನ್ನು ಅಂಗೀಕರಿಸಲೊಪ್ಪದೆ, ಮುಂದೆ ಇತರರು ಮಾಡಿಕೊಂಡ ಸಾಮಾನ್ಯ ಶಾಂತಿಯಿಂದಲೂ ಹೊರಗೆ ಉಳಿಯಿತು.

ಆದರೆ ದೂರದ ಮೆಸ್ಸೇನಿಯಾದಲ್ಲಿ ವಿಮೋಚಕನಾದ ಥೀಬ್ಸ್ ಮನೆಯಂಗಳದಲ್ಲಿ ಬೇರೆಯೇ ಆಗಿತ್ತು. ಬೊಯೋಷಿಯಾದ ಪ್ಲಟೇಯಾವನ್ನು ಅದು ಲ್ಯೂಕ್ಟ್ರಾಕ್ಕೂ ಮೊದಲೇ ನೆಲಸಮ ಮಾಡಿತ್ತು. ಹಳೆಯ ಪ್ರತಿಸ್ಪರ್ಧಿ ಆರ್ಕೊಮೆನಸ್‌ನ ಗಂಡಸರನ್ನು 364ರಲ್ಲಿ ಕೊಂದು, ಹೆಂಗಸರನ್ನೂ ಮಕ್ಕಳನ್ನೂ ಮಾರಿತು. ಅದರ ಏಳಿಗೆಗೆ ಅಂಜಿದ ಅಥೆನ್ಸ್, ಹಿಂದಿನ ವೈರವನ್ನು ಬದಿಗಿಟ್ಟು ಸ್ಪಾರ್ಟಾದ ಜೊತೆ ಸೇರಿತು. 362ರಲ್ಲಿ ಮಾಂಟಿನಿಯಾ ಯುದ್ಧದಲ್ಲಿ ಥೀಬನ್ನರು ಮೇಲುಗೈ ಪಡೆಯುತ್ತಿದ್ದಾಗಲೇ ಎಪಮಿನೊಂಡಾಸ್ ಮಡಿದನು. ಗ್ರೀಸಿನಲ್ಲಿ ಮೊದಲಿಗಿಂತ ಹೆಚ್ಚಿನ ಗೊಂದಲ ಉಳಿಯಿತೆಂದು ಹೇಳಿ ಕ್ಸೆನೊಫೋನ್ ತನ್ನ ಇತಿಹಾಸವನ್ನು ಅಲ್ಲಿಗೇ ನಿಲ್ಲಿಸುತ್ತಾನೆ. ಅಥೆನ್ಸ್‌ನದೂ ಇದೇ ಗತಿ: ಕಪ್ಪ ಕೇಳುವುದಿಲ್ಲ, ಕಾವಲುಪಡೆ ಇರಿಸುವುದಿಲ್ಲ ಎಂದು 377ರಲ್ಲಿ ಕಲ್ಲಿನ ಮೇಲೆ ಕೆತ್ತಿಸಿ ಕಟ್ಟಿದ ಎರಡನೆಯ ಮೈತ್ರಿಕೂಟದಿಂದ ಖಿಯೋಸ್, ರೋಡ್ಸ್, ಕೋಸ್‌ಗಳು 357ರಲ್ಲಿ ದಂಗೆಯೆದ್ದು ಹೊರಬಿದ್ದವು.

ಬಾಲ್ಯ ಮುಗಿಯುವ ಹೊತ್ತಿನಲ್ಲಿ ಥೀಬ್ಸ್‌ನಲ್ಲಿ ಒತ್ತೆಯಾಳಾಗಿದ್ದ ಮ್ಯಾಸಿಡೋನಿಯಾದ ಫಿಲಿಪ್, ಈ ಒಡಕುಗಳ ನಡುವೆ ದಕ್ಷಿಣಕ್ಕೆ ಬಂದು 338ರಲ್ಲಿ ಕಿರೋನಿಯಾದಲ್ಲಿ ಅಥೆನ್ಸ್ ಮತ್ತು ಥೀಬ್ಸ್‌ಗಳ ಕೂಡುಸೈನ್ಯವನ್ನು ಸೋಲಿಸಿದನು. ಪವಿತ್ರ ದಳ ಅಲ್ಲಿಯೇ ನಾಶವಾಯಿತು. ಅವನ ಮಗ ಅಲೆಕ್ಸಾಂಡರನ ವಿರುದ್ಧ ಥೀಬ್ಸ್ 335ರಲ್ಲಿ ದಂಗೆಯೆದ್ದು ಸೋತಾಗ, ಆ ನಗರವನ್ನು ಏನು ಮಾಡಬೇಕೆಂಬುದನ್ನು ಅವನು ತನ್ನ ಜೊತೆಗಿದ್ದ ಗ್ರೀಕ್ ಮಿತ್ರರ ತೀರ್ಮಾನಕ್ಕೆ ಬಿಟ್ಟನು. ಹಾಗೆ ತೀರ್ಮಾನಿಸಿದವರಲ್ಲಿ ಪ್ಲಟೇಯಾದವರೂ ಆರ್ಕೊಮೆನಸ್‌ನವರೂ ಇದ್ದರು. ಥೀಬ್ಸ್ ಅನ್ನು ನೆಲಸಮ ಮಾಡಿ ಅದರ ಭೂಮಿಯನ್ನು ಹಂಚಿಕೊಳ್ಳಬೇಕೆಂದೂ, ಬದುಕುಳಿದವರನ್ನು ದಾಸರಾಗಿ ಮಾರಬೇಕೆಂದೂ, ಪ್ಲಟೇಯಾ ಮತ್ತು ಆರ್ಕೊಮೆನಸ್‌ಗಳನ್ನು ಕೋಟೆಸಹಿತ ಮತ್ತೆ ಕಟ್ಟಬೇಕೆಂದೂ ಅವರು ನಿರ್ಣಯಿಸಿದರು.