ಕೊಂಡಿ ಎಂಬ ಸಾಕ್ಷಿ

ಸಾಕ್ಷಿ ನುಡಿಯುವವನು ಕಕ್ಷಿದಾರನ ಭಾವಮೈದುನನೆಂದು ತಿಳಿದೊಡನೆ ಅವನ ಮಾತಿನ ತೂಕ ಇಳಿಯುತ್ತದೆ. ಶೋಧಯಂತ್ರಗಳು ಈ ಹಳೆಯ ವಿವೇಕವನ್ನು ಹೊಸದಾಗಿ ಕಲಿಯಬೇಕಾಯಿತು.

1998ರಲ್ಲಿ ಸ್ಟ್ಯಾನ್‌ಫರ್ಡ್‌ನ ಲ್ಯಾರಿ ಪೇಜ್ ಮತ್ತು ಸೆರ್ಗೆ ಬ್ರಿನ್ ಮಂಡಿಸಿದ ಪೇಜ್‌ರ‍್ಯಾಂಕ್ ಪದ್ಧತಿ, ಒಂದು ಪುಟ ಇನ್ನೊಂದಕ್ಕೆ ಹಾಕಿದ ಕೊಂಡಿಯನ್ನು ಮೆಚ್ಚುಗೆಯೆಂದು ಎಣಿಸಿತು. ವಿದ್ವಾಂಸರು ಪರಸ್ಪರರ ಲೇಖನಗಳನ್ನು ಉಲ್ಲೇಖಿಸುವುದನ್ನು ಲೆಕ್ಕವಿಡುವ ರೂಢಿಯಿಂದ ಬಂದ ಕಲ್ಪನೆಯಿದು. ಮೆಚ್ಚುಗೆಗೆ ಬೆಲೆ ಬಂದ ಮೇಲೆ ಅದು ಮಾರಾಟಕ್ಕೂ ಬಂದಿತು. ಒಬ್ಬನೇ ಹಲವು ತಾಣಗಳನ್ನು ಕಟ್ಟಿ, ಎಲ್ಲದರಿಂದಲೂ ತನ್ನ ಅಂಗಡಿಗೇ ಕೊಂಡಿ ಹಾಕಬಹುದಿತ್ತು.

ಅದೇ ವರ್ಷ ಕೃಷ್ಣ ಭರತ್ ಮತ್ತು ಮೋನಿಕಾ ಹೆನ್ಸಿಂಗರ್ ಒಂದು ಸರಳ ಉಪಾಯ ಹೂಡಿದರು. ಭರತ್ ಬೆಂಗಳೂರಿನಲ್ಲಿ ಶಾಲೆ ಕಲಿತು, ಮದರಾಸಿನ ಐಐಟಿಯಲ್ಲಿ ಓದಿ ಅಮೆರಿಕಕ್ಕೆ ಹೋದವರು. ಒಂದೇ ತಾಣದ ಹತ್ತು ಪುಟಗಳು ಹೊರಗಿನ ಒಂದು ಪುಟವನ್ನು ತೋರಿಸಿದರೆ, ಪ್ರತಿಯೊಂದು ಕೊಂಡಿಗೂ ಹತ್ತರಲ್ಲೊಂದು ಪಾಲು ಮಾತ್ರ ತೂಕ. ಯಾರ ಉದ್ದೇಶವನ್ನೂ ಶಂಕಿಸದೆ, ಮನೆಗೊಂದೇ ಮತವೆಂದ ಹಾಗಾಯಿತು. ಆಮೇಲೆ ಬಂದ ಎಷ್ಟೋ ಜಟಿಲ ವಿಧಾನಗಳಿಗಿಂತ ಈ ನಿರ್ಲಿಪ್ತ ಲೆಕ್ಕವೇ ನನಗೆ ಹೆಚ್ಚು ನ್ಯಾಯವಾಗಿ ಕಾಣುತ್ತದೆ.

ಬಳಿಕ ಭರತ್ ಅವರು ಜಾರ್ಜ್ ಮಿಹೈಲಾ ಜೊತೆಗೂಡಿ ‘ಹಿಲ್‌ಟಾಪ್’ ಪದ್ಧತಿಯಲ್ಲಿ ತಾಣಗಳ ನೆಂಟಸ್ತಿಕೆಯನ್ನೇ ಶೋಧಿಸಿದರು. ಪ್ರತಿ ಯಂತ್ರಕ್ಕೂ ನಾಲ್ಕು ಭಾಗಗಳ ಅಂಕೆಯ ವಿಳಾಸವುಂಟು. ಮೊದಲ ಮೂರು ಭಾಗ ಒಂದೇ ಆಗಿದ್ದರೆ ಎರಡು ತಾಣಗಳು ನೆಂಟರು. ‘ಡಾಟ್ ಕಾಮ್’ನಂಥ ಬಾಲ ಕಳೆದ ಮೇಲೆ ಉಳಿಯುವ ಹೆಸರು ಒಂದೇ ಆಗಿದ್ದರೂ ನೆಂಟರೇ. ನೆಂಟನ ನೆಂಟನೂ ನೆಂಟ. ಒಂದು ಪುಟಕ್ಕೆ ಮನ್ನಣೆ ಸಿಗಬೇಕಾದರೆ ಅದಕ್ಕೂ, ತಮ್ಮತಮ್ಮಲ್ಲೂ ಸಂಬಂಧವಿಲ್ಲದ ಕನಿಷ್ಠ ಎರಡು ತಜ್ಞ ಪುಟಗಳು ಅದನ್ನು ತೋರಿಸಬೇಕಿತ್ತು. ಆದರೆ ಒಂದೇ ವಠಾರದಲ್ಲಿ ಬಾಡಿಗೆಗಿದ್ದ ಮಾತ್ರಕ್ಕೆ ಎಲ್ಲರೂ ನೆಂಟರಾಗುವರೇ? ಅಗ್ಗದ ಬಾಡಿಗೆಗೆ ಒಂದೇ ಯಂತ್ರವನ್ನು ಹಂಚಿಕೊಂಡ ಅಪರಿಚಿತ ತಾಣಗಳೂ ಈ ಲೆಕ್ಕದಲ್ಲಿ ಒಂದೇ ಕುಟುಂಬವಾಗುತ್ತಿದ್ದವು.

2004ರ ‘ಟ್ರಸ್ಟ್‌ರ‍್ಯಾಂಕ್’ ಹಾದಿ ಬೇರೆ. ಮನುಷ್ಯರೇ ಪರೀಕ್ಷಿಸಿ ಆರಿಸಿದ 178 ತಾಣಗಳಿಂದ ಹೊರಟ ನಂಬಿಕೆ, ಕೊಂಡಿಯಿಂದ ಕೊಂಡಿಗೆ ದೂರ ಹೋದಂತೆ ತೆಳುವಾಗುತ್ತಿತ್ತು.

2012ರ ಏಪ್ರಿಲ್‌ನಲ್ಲಿ ಗೂಗಲ್ ‘ಪೆಂಗ್ವಿನ್’ ಎಂಬ ಪರಿಷ್ಕರಣೆಯನ್ನು ತಂದಿತು. ಅದು ಸಂದೇಹದ ಕೊಂಡಿಗಳಿದ್ದ ತಾಣವನ್ನೇ ಕೆಳಗೆ ತಳ್ಳಿತು. ಹಿಂದೊಮ್ಮೆ ಯಾರದೋ ಸಲಹೆಯಂತೆ ಕೊಂಡಿ ಕೊಂಡಿದ್ದ ಸಣ್ಣ ವ್ಯಾಪಾರಿಗಳು, ಈಗ ಅವನ್ನು ತೆಗೆದುಬಿಡಿರೆಂದು ಅಪರಿಚಿತರಿಗೆ ಪತ್ರ ಬರೆದು ಬೇಡಿಕೊಂಡರು. ‘ಈ ಕೊಂಡಿಗಳನ್ನು ನನ್ನ ಲೆಕ್ಕಕ್ಕೆ ಹಿಡಿಯಬೇಡಿ’ ಎಂದು ಗೂಗಲ್‌ಗೇ ಅರಿಕೆ ಮಾಡಿಕೊಳ್ಳುವ ಸೌಲಭ್ಯ ಅದೇ ಅಕ್ಟೋಬರ್‌ನಲ್ಲಿ ಬಂದಿತು. ಕೊನೆಗೆ 2016ರ ಸೆಪ್ಟೆಂಬರ್‌ನಲ್ಲಿ ಪೆಂಗ್ವಿನ್ ಮೂಲ ಲೆಕ್ಕದೊಳಗೇ ಸೇರಿತು. ಇಡೀ ತಾಣವನ್ನು ದಂಡಿಸುವ ಬದಲು ಕೃತಕ ಕೊಂಡಿಯ ಬೆಲೆಯನ್ನಷ್ಟೇ ಕಳೆಯತೊಡಗಿತು.